ಹಳ್ಳದ ‘ಪಾತ್ರ’ ಮತ್ತು ‘ತಳ’: ಪದಗಳ ಅರ್ಥ ಹಾಗೂ ನಡವಳಿಯಲ್ಲಿ ಬಳಕೆ

ಕ್ರಿಯಾಯೋಜನೆ ಸಿದ್ಧಪಡಿಸುವ ದಿನಗಳಲ್ಲಿ ಗ್ರಾಮ ಪಂಚಾಯಿತಿಗಳ ನಡವಳಿ ಪುಸ್ತಕದಲ್ಲಿ ಪದೇ ಪದೇ ಕಾಣಿಸುವ ಒಂದು ಸಾಲು ‘ಹಳ್ಳದ ಹೂಳೆತ್ತುವುದು’. ಸಾಲು ಚಿಕ್ಕದು, ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಎಷ್ಟು ಆಳ ಎಂಬುದು ಅದರಲ್ಲಿ ಇರುವುದಿಲ್ಲ. ಪಾತ್ರವೆಂದರೇನು, ತಳವೆಂದರೇನು ಎಂಬ ಸ್ಪಷ್ಟತೆಯಿಲ್ಲದೆ ಅಂಗೀಕರಿಸಿದ ಠರಾವಿನ ಬಲದಿಂದ ಯಂತ್ರ ಹಳ್ಳಕ್ಕೆ ಇಳಿದರೆ, ಊರಿನ ಬಾವಿಗೆ ನೀರೂಡುತ್ತಿದ್ದ ಮರಳೇ ಹೊರಟುಹೋಗುವ ಸಂಭವವಿದೆ. ಆದ್ದರಿಂದ ಸದಸ್ಯರ ತಿಳಿವಳಿಕೆಗಾಗಿ ಈ ಪದಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ‘ಹಳ್ಳ’. ಹಳಗನ್ನಡದಲ್ಲಿ ಇದು ‘ಪಳ್ಳ’. ತಮಿಳಿನ ‘ಪಳ್ಳಂ’ ಇದರ ಬಂಧು. ಮೂಲಾರ್ಥ ತಗ್ಗು ನೆಲ. ರಸ್ತೆಯಲ್ಲಿ ಹಳ್ಳ ಬಿದ್ದಿದೆ ಎನ್ನುವಾಗ ಇಂದಿಗೂ ಆ ಅರ್ಥವೇ ಉಳಿದಿದೆ. ‘ಹೊಳೆ’ ಎಂದಾಗ ಕಣ್ಣೆದುರು ಬರುವುದು ಹರಿಯುವ ನೀರು. ‘ಹಳ್ಳ’ ಎಂದಾಗ ಮೊದಲು ನೆಲ, ಆಮೇಲೆ ನೀರು. ವರ್ಷದ ಬಹುಭಾಗ ಒಣಗಿರುವುದನ್ನೂ ಜನರು ಹಳ್ಳವೆಂದೇ ಕರೆಯುತ್ತಾರೆ. ಜಗಳೂರು ತಾಲ್ಲೂಕಿನ ಮಟ್ಟಿಗೆ ಈ ಸಂಗತಿ ಕೇವಲ ಭಾಷೆಯದಲ್ಲ.

‘ಪಾತ್ರ’ ಸಂಸ್ಕೃತ ಪದ. ಎರಡು ದಡಗಳ ನಡುವಣ ಭಾಗವೇ ಪಾತ್ರವೆಂದು ಅಮರಕೋಶವು ಅರ್ಥ ಹೇಳುತ್ತದೆ. ಇಂದಿನ ಸರ್ವೆ ಕೆಲಸಕ್ಕೂ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ. ನೀರು ತುಂಬಿದರೂ ಬರಿದಾದರೂ ಪಾತ್ರೆಯು ಪಾತ್ರೆಯೇ ಆಗಿರುವಂತೆ, ಬೇಸಿಗೆಯಲ್ಲಿ ನೀರು ಒಂದು ಮೊಳ ಅಗಲದ ಎಳೆಯಾಗಿ ಹರಿಯುತ್ತಿದ್ದರೂ ಪಾತ್ರವು ಈ ದಡದಿಂದ ಆ ದಡದವರೆಗಿನದು. ‘ತಳ’ವೆಂದರೆ ಆ ಪಾತ್ರದ ನೆಲ: ಮರಳು, ಗರಸು ಅಥವಾ ಬಂಡೆಯ ಮೇಲ್ಮೈ. ಅಂದಾಜುಪಟ್ಟಿಯಲ್ಲಿ ಬರುವ ‘ತಳಮಟ್ಟ’ ಈ ಮೇಲ್ಮೈಯ ಎತ್ತರವನ್ನು ಸೂಚಿಸುತ್ತದೆಯೇ ಹೊರತು ಚೆಕ್ ಡ್ಯಾಮಿನ ತಳಪಾಯವನ್ನಲ್ಲ. ತಳಪಾಯ ಅದಕ್ಕಿಂತ ಕೆಳಗಿರುತ್ತದೆ. ಈ ಎರಡನ್ನು ಅದಲುಬದಲು ಮಾಡಿ ಓದಿದರೆ ಅಗೆತದ ಪ್ರಮಾಣವೇ ಬದಲಾಗುತ್ತದೆ. ತಳದಲ್ಲಿ ಅಲ್ಲಲ್ಲಿ ಆಳವಾಗಿ ನೀರು ನಿಲ್ಲುವ ಜಾಗ ‘ಮಡು’. ಕೆರೆಗೆ ಮಾತ್ರ ‘ಅಂಗಳ’ವೆಂಬ ಪದ ಸಲ್ಲುತ್ತದೆ; ಹಳ್ಳಕ್ಕೆ ಅಂಗಳವಿಲ್ಲ.

ಕೆರೆಗೂ ಹಳ್ಳಕ್ಕೂ ಇರುವ ಈ ಭೇದವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಕೆರೆಯಲ್ಲಿ ನೀರು ನಿಲ್ಲುತ್ತದೆ, ಅದರೊಂದಿಗೆ ಬಂದ ಸಣ್ಣ ಮಣ್ಣು ಅಂಗಳದಲ್ಲಿ ಕೂರುತ್ತದೆ. ಅದು ಹೂಳು, ಅದನ್ನು ತೆಗೆದರೆ ಕೆರೆಯ ಹಿಡಿತ ಹೆಚ್ಚುತ್ತದೆ. ಚನ್ನಗಿರಿಯ ಸೂಳೆಕೆರೆಯ ಹೂಳಿನ ಬಗೆಗಿನ ಕಳವಳಕ್ಕೆ ಇದೇ ಕಾರಣ. ಆದರೆ ಆ ಕೆರೆಯಿಂದ ಹೊರಟು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹಳ್ಳಕ್ಕೆ, ಅಥವಾ ಜಗಳೂರಿನ ಚಿನ್ನಹಗರಿಗೆ ಅದೇ ಲೆಕ್ಕ ಹಾಕಲಾಗದು. ಹಳ್ಳದ ತಳದ ಮರಳು ಹೂಳಲ್ಲ, ಅದು ನೀರಿನ ಉಗ್ರಾಣ. ಒಂದು ಕಿಲೋಮೀಟರ್ ಉದ್ದ, 10 ಮೀಟರ್ ಅಗಲದ ಹಳ್ಳದಲ್ಲಿ ಒಂದು ಮೀಟರ್ ದಪ್ಪ ಮರಳಿದೆ ಎಂದುಕೊಂಡರೆ ಅದರ ಪರಿಮಾಣ 10,000 ಘನ ಮೀಟರ್. ನೆನೆದ ಮರಳು ತನ್ನ ಪರಿಮಾಣದ ಸುಮಾರು ಕಾಲು ಭಾಗದಷ್ಟು ನೀರನ್ನು ಬಿಟ್ಟುಕೊಡಬಲ್ಲದು. ಅಂದರೆ 25 ಲಕ್ಷ ಲೀಟರ್. ತಲೆಗೆ ದಿನಕ್ಕೆ 55 ಲೀಟರಿನಂತೆ, ಸಾವಿರ ಜನರ ಊರಿಗೆ ನಲವತ್ತೈದು ದಿನಗಳ ನೀರು. ಬಿಸಿಲಿಗೆ ಆರದಂತೆ ಮೇಲಿನ ಮರಳೇ ಅದನ್ನು ಮುಚ್ಚಿಟ್ಟಿರುತ್ತದೆ. ಬೇಸಿಗೆಯಲ್ಲಿ ಮರಳು ಬಗೆದು ಒರತೆ ಮಾಡಿಕೊಳ್ಳುತ್ತಿದ್ದ ಹಿರಿಯರಿಗೆ ಈ ಲೆಕ್ಕ ಅಗತ್ಯವಿರಲಿಲ್ಲ.

ತಳವನ್ನು ಒಂದು ಕಡೆ ಅಗೆದರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಗುಂಡಿಯ ಮೇಲಂಚಿನಲ್ಲಿ ಇಳಿಜಾರು ಕಡಿದಾಗುತ್ತದೆ. ಮಳೆಗಾಲದ ನೀರು ಅಲ್ಲಿ ರಭಸವಾಗಿ ಧುಮುಕಿ ಅಂಚನ್ನು ಕೊರೆಯುತ್ತ ಹೋಗುವುದರಿಂದ ಗುಂಡಿಯು ವರ್ಷದಿಂದ ವರ್ಷಕ್ಕೆ ಮೇಲ್ಮುಖವಾಗಿ ಸರಿಯುತ್ತದೆ. ದಡಗಳು ಕುಸಿಯುತ್ತವೆ, ಸೇತುವೆಯ ತಳಪಾಯ ಬಯಲಾಗುತ್ತದೆ, ಅಕ್ಕಪಕ್ಕದ ಬಾವಿಗಳ ನೀರು ತಗ್ಗಿದ ತಳದ ಕಡೆಗೆ ಬಸಿಯುತ್ತದೆ. ಕೆಳಗಿನ ಊರಿಗೂ ನೆಮ್ಮದಿಯಿಲ್ಲ: ಹೊತ್ತು ತಂದ ಮರಳನ್ನು ಗುಂಡಿಯಲ್ಲಿ ಇಳಿಸಿ ಮುಂದೆ ಸಾಗಿದ ನೀರು ಅಲ್ಲಿನ ತಳವನ್ನು ಕೀಳುತ್ತದೆ. ಹಾಗೆಂದು ಹಳ್ಳವನ್ನು ಮುಟ್ಟಲೇಬಾರದೆಂದಲ್ಲ. ಮೋರಿಯ ಬಾಯಿಗೆ ಕಟ್ಟಿಕೊಂಡ ಮಣ್ಣು, ಚೆಕ್ ಡ್ಯಾಮಿನ ಹಿಂದೆ ತುಂಬಿದ ಮಣ್ಣು ನಿಜವಾಗಿಯೂ ಹೂಳು. ಹಳೆಯ ತಳಮಟ್ಟದವರೆಗೆ ಅದನ್ನು ತೆಗೆಯಬಹುದು.

ಮರಳಿನ ವಿಷಯದಲ್ಲಿ ಪಾತ್ರದ ಅಗಲವೇ ನಿರ್ಣಾಯಕ. ಕೇಂದ್ರ ಪರಿಸರ ಸಚಿವಾಲಯದ 2016ರ ಮಾರ್ಗಸೂಚಿಯ ಪ್ರಕಾರ ಪ್ರತಿ ದಡದಿಂದ ಪಾತ್ರದ ಅಗಲದ ಕಾಲು ಭಾಗವನ್ನು, ಕನಿಷ್ಠ 7.5 ಮೀಟರ್ ಅನ್ನು ಬಿಡಬೇಕು. ಆಳವು 3 ಮೀಟರ್ ಅಥವಾ ಜಲಮಟ್ಟ, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಪಾತ್ರ 15 ಮೀಟರ್ ಅಗಲವಿದ್ದರೆ ಎರಡೂ ಕಡೆ ಬಿಟ್ಟ ಮೇಲೆ ತೆಗೆಯಲು ಉಳಿಯುವುದು ಶೂನ್ಯ. ತಾಲ್ಲೂಕುಗಳ ಎಷ್ಟೋ ಹಳ್ಳಗಳು ಅಷ್ಟೂ ಅಗಲವಿಲ್ಲ.

ಇನ್ನು ಒಡೆತನ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ, ಬೇರೆಯವರ ಸ್ವತ್ತೆಂದು ಸ್ಥಾಪಿತವಾಗದ ಹೊರತು, ನದಿ, ಹಳ್ಳ, ಕೆರೆಗಳ ತಳವು ರಾಜ್ಯ ಸರ್ಕಾರದ್ದು. ಸಾರ್ವಜನಿಕ ಬಳಕೆಯ ಹಳ್ಳವು ಖಾಸಗಿ ಸರ್ವೆ ನಂಬರಿನೊಳಗೆ ಹಾದುಹೋಗಿದ್ದರೆ ಅಷ್ಟು ಜಾಗ ಪಹಣಿಯಲ್ಲಿ ‘ಬಿ’ ಖರಾಬು ಎಂದು ಬರುತ್ತದೆ. ‘ಎ’ ಖರಾಬು ಬೇರೆ: ಅದು ಹಿಡುವಳಿದಾರನ ಸ್ವಂತ ಜಮೀನಿನಲ್ಲೇ ಸಾಗುವಳಿಗೆ ಬಾರದ ಭಾಗ. ‘ಖರಾಬು’ ಎಂದರೆ ಕೆಟ್ಟದ್ದೆಂದು ಅರ್ಥ. ಕಂದಾಯ ಹುಟ್ಟದ ನೆಲವೆಂಬ ಸರ್ವೆಯವರ ಎಣಿಕೆಯಿಂದ ಊರಿಗೆ ನೀರು ಕೊಡುವ ಜಾಗಕ್ಕೂ ಆ ಹೆಸರು ಅಂಟಿತು. ಹೆಸರು ಕೇಳಿ ಬೆಲೆಯಿಲ್ಲದ ನೆಲವೆಂದು ತಿಳಿಯುವವರು ಇದ್ದಾರೆ. ಚನ್ನಗಿರಿ ಕಡೆ ಅಡಿಕೆ ತೋಟದ ಸಾಲು ದಡ ದಾಟಿ ಬರುವುದಕ್ಕೂ, ಜಗಳೂರು ಕಡೆ ನೀರು ಕಾಣದ ಮೂರು ವರ್ಷಗಳಲ್ಲಿ ನೇಗಿಲು ಪಾತ್ರಕ್ಕೆ ಇಳಿಯುವುದಕ್ಕೂ ಇದು ದಾರಿ ಮಾಡಿಕೊಡುತ್ತದೆ. ಹೊನ್ನಾಳಿ, ನ್ಯಾಮತಿಯ ತುಂಗಭದ್ರೆಯ ಅಂಚಿನಲ್ಲಿ ತೊಂದರೆ ಬೇರೆ ಬಗೆಯದು. ನದಿ ತುಂಬಿದಾಗ ಹಳ್ಳದ ಬಾಯಿಯಿಂದ ನೀರು ಹಿಮ್ಮುಖವಾಗಿ ಏರುತ್ತದೆ. ಅಲ್ಲಿ ಪಾತ್ರ ಕಿರಿದಾಗಿದ್ದರೆ ನೀರು ಹೊಲಕ್ಕೆ, ಮನೆಗೆ ನುಗ್ಗುತ್ತದೆ.

ಠರಾವಿನಲ್ಲಿ ಹೀಗೆ ಬರೆಯುವುದು ಸೂಕ್ತ: ‘ಗ್ರಾಮದ ಸರ್ವೆ ನಂಬರ್ … ರಿಂದ … ರವರೆಗೆ, ಹಳ್ಳದ ಪಾತ್ರದಲ್ಲಿ, ಚೆಕ್ ಡ್ಯಾಮಿನ ಮೇಲ್ಭಾಗದ … ಮೀಟರ್ ಉದ್ದಕ್ಕೆ, ಮೂಲ ತಳಮಟ್ಟಕ್ಕಿಂತ ಕೆಳಗೆ ಅಗೆಯದೆ ಹೂಳು ತೆಗೆಯುವುದು.’ ಪಾತ್ರದ ಅಗಲದ ಬಗ್ಗೆ ತಕರಾರಿದ್ದಲ್ಲಿ ಗ್ರಾಮ ನಕ್ಷೆ ಹಾಗೂ ಮೂಲ ಟಿಪ್ಪಣಿಯ ನಕಲು ಪಡೆದು, ತಹಶೀಲ್ದಾರರ ಮೂಲಕ ಹದ್ದುಬಸ್ತಿಗೆ ಕೋರಬೇಕು. ಬೆಳೆ ಕೊಯ್ಲಾದ ಮೇಲೆ, ಮುಂಗಾರಿಗೆ ಮೊದಲು ಅಳತೆ ನಡೆದರೆ ಎರಡೂ ದಡಗಳು ಕಣ್ಣಿಗೆ ಕಾಣುತ್ತವೆ, ಕಲ್ಲು ನೆಡಲು ನೆಲವೂ ಸಿಗುತ್ತದೆ.