ಸ್ವೆಟರ್‌ನಲ್ಲಿ ಎರಡು ಲೂಪ್

ಇಂಗ್ಲಿಷ್ ಪ್ಯಾಟರ್ನ್ ನೋಡಿ ಸ್ವೆಟರ್ ಹೆಣೆಯುವವರು ಸಾಮಾನ್ಯವಾಗಿ ತಡವರಿಸುವುದು ‘ಅಟ್ ದ ಸೇಮ್ ಟೈಮ್’ ಅನ್ನುವಲ್ಲಿ. ವಿ-ನೆಕ್ ಸ್ವೆಟರ್‌ನ ಮುಂಭಾಗಕ್ಕೆ ಸೂಚನೆ ಹೀಗಿರುತ್ತದೆ ಅನ್ನಿ: ಕಂಕುಳ ಅಂಚಿನಲ್ಲಿ 2 ಸಾಲಿಗೊಮ್ಮೆ ಒಂದೊಂದು ಕುಣಿಕೆಯಂತೆ 6 ಸಲ ಕಡಿಮೆ ಮಾಡಿ, ಅದೇ ಹೊತ್ತಿಗೆ ಕತ್ತಿನ ಅಂಚಿನಲ್ಲಿ 4 ಸಾಲಿಗೊಮ್ಮೆ ಒಂದೊಂದರಂತೆ 5 ಸಲ ಕಡಿಮೆ ಮಾಡಿ.

ಕಣ್ಣಳತೆಯಲ್ಲೇ ಮನೆಮಂದಿಗೆಲ್ಲ ಸ್ವೆಟರ್ ಹೆಣೆದ ನನ್ನಮ್ಮ ಇಂಥ ವಾಕ್ಯ ಕಂಡರೆ, ‘ಇದೆಲ್ಲ ಓದಿದವರಿಗೆ ಬಿಡು’ ಎಂದು ಪುಸ್ತಕ ಮುಚ್ಚುತ್ತಾಳೆ. ಬಿಇ ಓದುತ್ತಿರುವ ನನಗೆ ಆ ಮಾತು ಚುಚ್ಚಿತು. ಪ್ರೋಗ್ರಾಮಿಂಗ್ ಕ್ಲಾಸಿನಲ್ಲಿ ನಾವು ಕಲಿಯುವ ಲೂಪ್ ಇದೇ ತಾನೆ? ಇಲ್ಲಿ ಎರಡು ಲೂಪ್ ಜೊತೆಜೊತೆಗೆ ಓಡುತ್ತಿವೆ, ಅಷ್ಟೆ.

ಒಂದು ಹಾಳೆಯಲ್ಲಿ 1ರಿಂದ 20ರವರೆಗೆ ಸಾಲಿನ ಸಂಖ್ಯೆ ಬರೆದೆ. ಪಕ್ಕದಲ್ಲಿ ‘ಕಂಕುಳು’, ‘ಕತ್ತು’ ಎಂದು ಎರಡು ಕಾಲಂ. ಕಂಕುಳಿಗೆ 2, 4, 6, 8, 10, 12ನೇ ಸಾಲಿನಲ್ಲಿ ಟಿಕ್. ಕತ್ತಿಗೆ 4, 8, 12, 16, 20ರಲ್ಲಿ. ಎರಡೂ ಅಂಚಿನಲ್ಲಿ ಒಟ್ಟಿಗೆ ಕಡಿಮೆ ಮಾಡಬೇಕಾದದ್ದು ಬರೀ ಮೂರು ಸಾಲಿನಲ್ಲಿ! ಕಂಕುಳ ಕೆಲಸ 12ಕ್ಕೇ ಮುಗಿದರೂ ಕತ್ತಿನದು 20ರವರೆಗೆ ನಡೆಯುತ್ತದೆ. ಶುರುವಿನಲ್ಲಿ 30 ಕುಣಿಕೆ ಇದ್ದರೆ 11 ಹೋಗಿ ಭುಜಕ್ಕೆ 19 ಉಳಿಯಬೇಕು. ಪುಸ್ತಕದಲ್ಲೂ ಅದೇ ಸಂಖ್ಯೆ ಇದ್ದರೆ ನಾವು ಓದಿದ್ದು ಸರಿ ಎಂದರ್ಥ.

ಒಂದೊಂದು ಸಾಲು ಮುಗಿದಂತೆ ಅಮ್ಮ ಈಗ ಹಾಳೆಯ ಮೇಲೆ ಗೆರೆ ಹೊಡೆಯುತ್ತಾಳೆ. ಎರಡು ಕೆಲಸವನ್ನು ಒಂದೇ ವಾಕ್ಯದೊಳಗೆ ತುರುಕಿದ್ದೇ ತೊಂದರೆಯಾಗಿತ್ತು. ಪರೀಕ್ಷೆಯಲ್ಲೋ ಇಂಟರ್‌ವ್ಯೂನಲ್ಲೋ ಉದ್ದದ ಪ್ರಶ್ನೆ ಎದುರಾದಾಗ ‘ನನ್ನ ತಲೆಗೆ ಹೋಗಲ್ಲ’ ಅನ್ನುವ ಮೊದಲು ನೀವೂ ಎರಡು ಕಾಲಂ ಎಳೆದು ನೋಡಿ.