ಎರವಲು ಕ್ಯಾಮರಾದಲ್ಲಿ ಹಾಡಿನ ಚಿತ್ರ

ಹಾಡೊಂದನ್ನು ಕಿವಿಗೆ ಮಾತ್ರವಲ್ಲದೆ ಕಣ್ಣಿಗೂ ಒಪ್ಪಿಸುವ ಚಿಕ್ಕ ಚಲಚ್ಚಿತ್ರಕ್ಕೆ ಈಗ ಸಂಗೀತ ವಿಡಿಯೋ ಎಂಬ ಹೆಸರು ರೂಢಿಯಲ್ಲಿದೆ. ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿಯೂ ಈಗ ಓದುತ್ತಿರುವ ಹುಡುಗಿಯರಲ್ಲಿಯೂ ಹಾಡಬಲ್ಲವರು ಅನೇಕರುಂಟು. ಆದರೆ ಚಲಚ್ಚಿತ್ರದ ಯಂತ್ರವನ್ನು ಕೊಳ್ಳುವ ಶಕ್ತಿಯು ಎಲ್ಲರ ಮನೆಗೂ ಇರುವುದಿಲ್ಲವಷ್ಟೆ. ಹಣವಿಲ್ಲವೆಂಬ ಒಂದೇ ಕಾರಣದಿಂದ ಒಳ್ಳೆಯ ಕಂಠವು ಯಾರಿಗೂ ಕೇಳಿಸದೆ ಉಳಿಯುವುದು ದುಃಖಕರವಾದ ಸಂಗತಿ. ನೆಂಟರಿಂದಲೋ ಪರಿಚಯಸ್ಥರಿಂದಲೋ ಎರವಲು ತಂದ ಸ್ಥಿರಚಿತ್ರದ ಕ್ಯಾಮರಾದಿಂದಲೇ ಈ ಕಾರ್ಯವನ್ನು ನೆರವೇರಿಸುವ ಬಗೆಯನ್ನು ಇಲ್ಲಿ ವಿವರಿಸುವೆವು.

ಮಸೂರವನ್ನು ಬದಲಿಸಬಹುದಾದ ಡಿ.ಎಸ್.ಎಲ್.ಆರ್. ಕ್ಯಾಮರಾಗಳು ಚಲಿಸುವ ಚಿತ್ರವನ್ನೂ ತೆಗೆಯಲಾರಂಭಿಸಿದುದು 2008ರಲ್ಲಿ. ಮೊದಲು ನಿಕಾನ್ ಡಿ90, ತರುವಾಯ ಕ್ಯಾನನ್ 5ಡಿ ಮಾರ್ಕ್ 2 ಎಂಬವು ಹೊರಬಂದವು. ಅಮೇರಿಕದ ಛಾಯಾಚಿತ್ರಗಾರ ವಿನ್ಸೆಂಟ್ ಲಾಫೋರೆ ಎಂಬವರು ಆ ಕ್ಯಾನನ್ ಕ್ಯಾಮರಾವನ್ನು ಅದು ಪೇಟೆಗೆ ಬರುವ ಮುಂಚೆಯೇ ಒಂದು ವಾರಾಂತ್ಯದ ಮಟ್ಟಿಗೆ ಎರವಲು ಪಡೆದು, ‘ರೆವರಿ’ ಎಂಬ ಕಿರುಚಿತ್ರವನ್ನು ತೆಗೆದರು. ಸ್ಥಿರಚಿತ್ರಗಳನ್ನೇ ಒಂದರ ಹಿಂದೊಂದು ಜೋಡಿಸುವ ಮಾರ್ಗವೂ ಉಂಟು. 2009ರಲ್ಲಿ ಬಂದ, ಇಸ್ರೇಲಿನ ಗಾಯಕ ಓರೆನ್ ಲವೀಯವರ ‘ಹರ್ ಮಾರ್ನಿಂಗ್ ಎಲೆಗೆನ್ಸ್’ ಎಂಬ ಹಾಡಿನ ಚಿತ್ರವು ಒಂದು ಹಾಸಿಗೆಯ ಮೇಲ್ಗಡೆ ನಿಲ್ಲಿಸಿದ ಕ್ಯಾಮರಾದಿಂದ ತೆಗೆದ 2,096 ಸ್ಥಿರಚಿತ್ರಗಳಿಂದಾದುದು. ಮೊದಲನೆಯದರಲ್ಲಿ ಕಾಲವು ಕಡಿಮೆ, ಎರಡನೆಯದರಲ್ಲಿ ಸ್ಥಳವು ಕಡಿಮೆ. ಆದರೂ ಕೆಲಸವು ನಿಲ್ಲಲಿಲ್ಲ.

ಎರವಲು ವಸ್ತುವು ನಮ್ಮಲ್ಲಿರುವುದು ಒಂದೆರಡು ದಿನ ಮಾತ್ರ. ಆದಕಾರಣ ಅದು ಕೈಸೇರುವ ಮೊದಲೇ ಅರ್ಧ ಕೆಲಸವು ಮುಗಿದಿರತಕ್ಕದ್ದು. ಹಾಡನ್ನು ನಿಶ್ಶಬ್ದವಾದ ಕೋಣೆಯಲ್ಲಿ ಮುಂಚಿತವಾಗಿಯೇ ಧ್ವನಿಮುದ್ರಿಸಿಕೊಳ್ಳಬೇಕು. ಪಲ್ಲವಿಯೂ ಚರಣಗಳೂ ಯಾವ ಯಾವ ಕ್ಷಣದಲ್ಲಿ ಬರುವವೆಂಬುದನ್ನು ಕಾಗದದಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಅಲ್ಲಿ ಕಾಣಬೇಕಾದ ದೃಶ್ಯವನ್ನು ಗುರುತಿಸಬೇಕು. ಹಾಡು ಪರರದಾದರೆ ಹಕ್ಕುದಾರರ ಒಪ್ಪಿಗೆಯು ಅವಶ್ಯ. ಚಿಕ್ಕ ಹುಡುಗಿಯರ ಮುಖವು ಕಾಣುವುದಾದರೆ, ಚಿತ್ರವನ್ನು ಎಲ್ಲೆಲ್ಲಿ ಪ್ರದರ್ಶಿಸುವೆವೆಂಬುದನ್ನು ತಂದೆತಾಯಿಗಳಿಗೆ ತಿಳಿಸಿಯೇ ಅನುಮತಿಯನ್ನು ಪಡೆಯತಕ್ಕದ್ದು.

ಚಿತ್ರ ತೆಗೆಯುವಾಗ ಮುದ್ರಿತವಾದ ಹಾಡನ್ನು ಗಟ್ಟಿಯಾಗಿ ನುಡಿಸಿ, ಗಾಯಕಿಯು ಅದರೊಡನೆ ನಿಜವಾಗಿಯೇ ಹಾಡಬೇಕು. ಬರಿದೆ ತುಟಿಯಾಡಿಸಿದರೆ ಕೊರಳಿನ ನರಗಳು ಸತ್ಯವನ್ನು ಹೇಳಿಬಿಡುವವು. ಚಿತ್ರವೊಂದಕ್ಕೆ ಸಲ್ಲುವ 1/25 ಸೆಕೆಂಡಿನಲ್ಲಿ ಶಬ್ದವು ಸುಮಾರು 14 ಮೀಟರು ಮಾತ್ರ ಸಾಗುವುದು. ಆದುದರಿಂದ ಧ್ವನಿವರ್ಧಕವು ಗಾಯಕಿಯ ಸಮೀಪದಲ್ಲಿರಲಿ, ಇಲ್ಲವಾದರೆ ತುಟಿಯ ಚಲನೆಯು ಹಿಂದೆ ಬೀಳುವುದು. ಪೂರ್ಣ ಹಾಡನ್ನು ದೂರದಿಂದ, ನಡುವಿನಿಂದ, ಹತ್ತಿರದಿಂದ ಎಂಬಂತೆ ಮೂರು ಎಡೆಗಳಿಂದ ಎರಡೆರಡು ಸಾರಿ ತೆಗೆಯಬೇಕು. ನಾಲ್ಕು ನಿಮಿಷದ ಹಾಡಿಗೆ ಇದು 24 ನಿಮಿಷದ ಚಿತ್ರವಾಗುವುದು. ಪ್ರತಿ ಸಾರಿಯೂ ಆರಂಭದಲ್ಲಿ ಹಾಡು ನುಡಿಯುತ್ತಿರುವಂತೆ ನೋಡಿಕೊಂಡರೆ, ಕ್ಯಾಮರಾವು ಹಿಡಿದ ಶಬ್ದವನ್ನು ಮೂಲಮುದ್ರಣದೊಡನೆ ಹೊಂದಿಸಿ, ಬಳಿಕ ಕ್ಯಾಮರಾದ ಶಬ್ದವನ್ನು ಬಿಟ್ಟುಬಿಡಬಹುದು.

ಬೆಳಕಿಗೆ ಹಣವು ಬೇಕಿಲ್ಲ. ಕಿಟಕಿಯ ಪಕ್ಕದಲ್ಲಿ ಗಾಯಕಿಯನ್ನು ನಿಲ್ಲಿಸಿ, ನೆರಳಿನ ಕಡೆಗೆ ಬಿಳಿಯ ಪಂಚೆಯನ್ನು ಹರಡಿ ಹಿಡಿದರೆ ಮುಖವು ಸೌಮ್ಯವಾಗಿ ಬೆಳಗುವುದು. ಸೆಕೆಂಡಿಗೆ 25 ಚಿತ್ರಗಳನ್ನೂ, ಪ್ರತಿ ಚಿತ್ರಕ್ಕೆ 1/50 ಸೆಕೆಂಡಿನ ಷಟರನ್ನೂ ಇಟ್ಟುಕೊಳ್ಳುವುದು ಉತ್ತಮ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಹಲವು ದೀಪಗಳ ಬೆಳಕು 100 ಬಾರಿ ಏರಿಳಿಯುತ್ತದೆ. 1/50 ಸೆಕೆಂಡಿನಲ್ಲಿ ಸರಿಯಾಗಿ ಎರಡು ಏರಿಳಿತಗಳು ಅಡಗುವುದರಿಂದ ಚಿತ್ರವು ಮಿನುಗುವುದಿಲ್ಲ. ಇಂಥ ಕ್ಯಾಮರಾಗಳು ಸಾಮಾನ್ಯವಾಗಿ ಬಿಂಬವನ್ನು ಸಾಲುಸಾಲಾಗಿ ಓದುವುವು; ಬೇಗನೆ ಪಕ್ಕಕ್ಕೆ ತಿರುಗಿಸಿದರೆ ನೆಟ್ಟಗಿನ ಕಂಬವೂ ಓರೆಯಾಗಿ ಕಾಣುವುದು. ಆದುದರಿಂದ ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲಾಗಲಿ, ಮೇಜಿನ ಮೇಲಿಟ್ಟ ಮರಳಿನ ಚೀಲದ ಮೇಲಾಗಲಿ ಸ್ಥಿರವಾಗಿ ನಿಲ್ಲಿಸಬೇಕು.

ಇನ್ನು ಎರವಲಿನ ಧರ್ಮವನ್ನು ಮರೆಯಲಾಗದು. ಮೆಮೊರಿ ಕಾರ್ಡು ನಮ್ಮದೇ ಆಗಿರಲಿ. ಧೂಳಿರುವಲ್ಲಿ ಮಸೂರವನ್ನು ಕಳಚಬಾರದು. ಕ್ಯಾಮರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳದೆ ಅದನ್ನು ಕೈಯಲ್ಲಿ ಹಿಡಿದು ನಡೆಯಬಾರದು. ತೆಗೆದ ಚಿತ್ರವನ್ನು ಎರಡು ಕಡೆಗಳಲ್ಲಿ ನಕಲಿಸಿದ ಹೊರತು ಕಾರ್ಡನ್ನು ಅಳಿಸಬಾರದು. ಹೇಳಿದ ದಿನವೇ, ಬ್ಯಾಟರಿಯನ್ನು ತುಂಬಿಸಿ, ಒರಸಿ ಹಿಂದಿರುಗಿಸತಕ್ಕದ್ದು. ಚಿತ್ರದ ಕೊನೆಯಲ್ಲಿ ಕೊಟ್ಟವರ ಹೆಸರನ್ನು ಅವರ ಒಪ್ಪಿಗೆಯಿಂದ ಸ್ಮರಿಸಿದರೆ ಇನ್ನೂ ಚೆನ್ನು. ಹೀಗೆ ನಡೆದುಕೊಂಡವಳಿಗೆ ಅದೇ ಕ್ಯಾಮರಾವು ಮತ್ತೊಮ್ಮೆ ದೊರೆಯುವುದು; ಅವಳ ಹಿಂದೆ ಬರುವ ಹುಡುಗಿಗೂ ದೊರೆಯುವುದು. ಒಬ್ಬಳ ಅಜಾಗ್ರತೆಯು ಆ ಬಾಗಿಲನ್ನು ಎಲ್ಲರಿಗೂ ಮುಚ್ಚಬಲ್ಲದೆಂಬುದನ್ನು ತಾಯಂದಿರು ಮಕ್ಕಳಿಗೆ ತಿಳಿಯಹೇಳುವುದು ಲೇಸು.