ಮರಳು ತಡೆಯುವ ಮರ

ಭೈರವಾನಿತಿಪ್ಪದ ಅಣೆಕಟ್ಟು ನಿಮಗೆ ಗೊತ್ತು. ಅದನ್ನು ಕಟ್ಟಿದ್ದು ಹಗರಿ ಹೊಳೆಗೆ. ವೇದಾವತಿ ಅಂತಲೂ ಅದರ ಹೆಸರು. ಮಳೆ ಕೈಕೊಟ್ಟ ವರ್ಷ ಹೊಳೆ ತುಂಬ ಬರೀ ಮರಳು. ಗಾಳಿ ಎದ್ದರೆ ಆ ಮರಳು ಹೊಲಕ್ಕೆ ಬಂದು ಬೀಳುತ್ತದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆ ಮರಳಿನ ದಿಬ್ಬಗಳೇ ಆಗಿವೆ. ಅಲ್ಲಿ ಶೇಂಗಾ ಬೆಳೆಯುವುದು ಹೇಗೆ? ಗಾಳಿ ತಡೆಯಲು ಮರ ಬೇಕು.

ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಉಳುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ ಎಂದು ಬೈಬಲಿನ ಆದಿಕಾಂಡ ಹೇಳುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಇದೇ ವಿಷಯವಾಗಿ ದೊಡ್ಡ ಪತ್ರ ಬರೆದರು. ಸೆಪ್ಟೆಂಬರ್ 1 ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಎಂದರು.

ಅನಂತಪುರದ ಸೀಮೆಗೆ ಹೆಚ್ಚು ಮಳೆ ಬರುವುದೂ ಸೆಪ್ಟೆಂಬರಿನಲ್ಲೇ! ಚರ್ಚಿನ ಯುವಕ ಯುವತಿಯರೇ, ಅಂದು ಪ್ರಾರ್ಥನೆ ಮುಗಿಸಿ ಬೇವು, ಹೊಂಗೆ ಸಸಿ ನೆಡಿ. ಊರವರನ್ನೂ ಕರೆಯಿರಿ. ಗಾಳಿ ಜಾತಿ ಕೇಳಿ ಬೀಸುವುದಿಲ್ಲ. ನೆಟ್ಟು ಫೋಟೋ ತೆಗೆಸಿಕೊಂಡರೆ ಸಾಲದು. ಬೇಸಿಗೆಗೆ ನೀರು ಬೇಕಲ್ಲ? ಹಳೇ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ. ಅದರಲ್ಲಿ ಬಟ್ಟೆಯ ಬತ್ತಿ ತೂರಿಸಿ. ಸಸಿ ಪಕ್ಕ ಕತ್ತಿನವರೆಗೆ ಹೂಳಿ. ನೀರು ತುಂಬಿ ಬಾಯಿ ಮುಚ್ಚಿ. ನೀರು ನಿಧಾನಕ್ಕೆ ಬೇರಿಗೆ ಇಳಿಯುತ್ತದೆ. ಸುತ್ತ ಜಾಲಿಮುಳ್ಳು ಹಾಕಿ. ಮೇಕೆಗೆ ಪ್ರಾರ್ಥನೆ ಗೊತ್ತಿಲ್ಲ.